ಮದುವೆಗೆ ಮುಂಚೆ ಹುಬ್ಬಿಗೆ ಮೈಕ್ರೋಬ್ಲೇಡಿಂಗ್: ಆರೋಗ್ಯದ ಕಡೆಯಿಂದ ಏನೇನು ನೋಡಿಕೊಳ್ಳಬೇಕು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ನನ್ನ ಮದುವೆ, ಶಿವಮೊಗ್ಗದಲ್ಲಿ. ನನ್ನ ಹುಬ್ಬು ಮೊದಲಿಂದಲೂ ತೆಳು. ಈಚೆಗೆ ಹೊರತುದಿಯಲ್ಲಿ ಇನ್ನಷ್ಟು ಉದುರಿದೆ. ದಿನಾ ಪೆನ್ಸಿಲ್ ಹಿಡಿದು ಕೂರುವ ಬದಲು ಮೈಕ್ರೋಬ್ಲೇಡಿಂಗ್ (ಸಣ್ಣ ಬ್ಲೇಡಿನಿಂದ ಹುಬ್ಬಿನ ಜಾಗ ಗೀರಿ ಬಣ್ಣ ತುಂಬುವುದು) ಮಾಡಿಸೋಣ ಅಂದುಕೊಂಡೆ. ಜೊತೆಗೆ ಲಿಪ್ ಬ್ಲಶ್ (ಸೂಜಿಯಿಂದ ತುಟಿಗೆ ಬಣ್ಣ ತುಂಬುವುದು) ಮಾಡಿಸಿದರೆ ರಿಯಾಯಿತಿ ಇದೆಯಂತೆ.

ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ವಿಚಾರಿಸಿದೆ. "ಇದು ಟ್ಯಾಟೂ ಅಲ್ಲ ಮೇಡಂ, ಬಣ್ಣ ಚರ್ಮದ ಮೇಲ್ಪದರದಲ್ಲೇ ಇರುತ್ತೆ, ಏನೂ ಆಗಲ್ಲ" ಅಂದರು. ನನ್ನ ಕಾಯಿಲೆ, ಔಷಧಿ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದೇ ಯಾಕೋ ಸರಿ ಅನ್ನಿಸಲಿಲ್ಲ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಡಿಸೆಂಬರಿನಲ್ಲಿ ನಿಲ್ಲಿಸಿದೆ. ಜ್ವರ ಬಂದಾಗ ತುಟಿಯ ಮೇಲೆ ನೀರುಗುಳ್ಳೆ ಏಳುತ್ತವೆ. ಇವೆಲ್ಲ ಲೆಕ್ಕಕ್ಕೆ ಬರುತ್ತವಾ? ಮಾಡಿಸಿಕೊಂಡವರು, ಗೊತ್ತಿರುವವರು ದಯವಿಟ್ಟು ಹೇಳಿ.

ಬೆಣ್ಣೆದೋಸೆ:
ನಾನು ಮಾಡಿಸಿದ್ದೇನೆ, ಏನೂ ಆಗಿಲ್ಲ. ಎರಡು ದಿನ ಉರಿ, ಒಂದು ವಾರ ಹಕ್ಕಳೆ, ಅಷ್ಟೇ. ಧೈರ್ಯವಾಗಿ ಮಾಡಿಸಿ.

ಚರ್ಮವೈದ್ಯೆ_ದಾವಣಗೆರೆ:
ಮೊದಲು ಆ "ಮೇಲ್ಪದರ"ದ ಮಾತು. ಚರ್ಮದ ಹೊರಪದರ ಸುಮಾರು ಒಂದು ತಿಂಗಳಲ್ಲಿ ಹಳತು ಉದುರಿ ಹೊಸತಾಗುತ್ತದೆ. ಬಣ್ಣ ಅಲ್ಲೇ ನಿಂತಿದ್ದರೆ ಮದುವೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ. ವರ್ಷಗಟ್ಟಲೆ ನಿಲ್ಲಬೇಕಾದರೆ ಅದು ಕೆಳಗಿನ ಪದರದ ಮೇಲ್ಭಾಗಕ್ಕೆ ಇಳಿಯಲೇಬೇಕು. ರಕ್ತನಾಳಗಳಿರುವುದು ಅಲ್ಲಿ. ಅಂದರೆ ಸೂಜಿ ರಕ್ತ ಮುಟ್ಟುತ್ತದೆ. ಟ್ಯಾಟೂಗೆ ಇರುವ ಎಲ್ಲ ಎಚ್ಚರ ಇದಕ್ಕೂ ಬೇಕು.

ಎರಡನೆಯದು ಇನ್ನೂ ಮುಖ್ಯ. ಹುಬ್ಬು ಯಾಕೆ ಉದುರಿತು ಅಂತ ಯಾರಾದರೂ ನೋಡಿದ್ದಾರಾ? ಹೊರತುದಿಯ ಮೂರನೇ ಒಂದು ಭಾಗ ತೆಳುವಾಗುವುದು ಥೈರಾಯ್ಡ್ ಕಡಿಮೆಯಾದಾಗ ಕಾಣುವ ಲಕ್ಷಣ. ಕಬ್ಬಿಣದ ಕೊರತೆ ಇರಬಹುದು, ಅಲೊಪೇಷಿಯಾ ಏರಿಯೇಟಾ (ಕೂದಲು ತೇಪೆ ತೇಪೆಯಾಗಿ ಉದುರುವ ಕಾಯಿಲೆ) ಇರಬಹುದು. ಕುಷ್ಠರೋಗದಲ್ಲೂ ಹುಬ್ಬು ಉದುರುತ್ತದೆ. ಹೆದರಿಸಲು ಹೇಳುತ್ತಿಲ್ಲ, ನಮ್ಮ ಓಪಿಡಿಯಲ್ಲಿ ಇವೆಲ್ಲ ಕಾಣುವ ಕಾರಣಗಳು. ಉದುರಿದ ಜಾಗಕ್ಕೆ ಬಣ್ಣ ತುಂಬಿಬಿಟ್ಟರೆ ಆ ಗುರುತು ಮುಚ್ಚಿಹೋಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಒಂದು ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನು), ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಇದ್ದರೆ ಮಾತ್ರೆಯಿಂದಲೇ ಕೂದಲು ವಾಪಸ್ ಬರುವುದುಂಟು.

ಐಸೋಟ್ರೆಟಿನಾಯಿನ್ ಖಂಡಿತ ಲೆಕ್ಕಕ್ಕೆ ಬರುತ್ತದೆ. ನಿಲ್ಲಿಸಿ ಆರು ತಿಂಗಳಾಗುವವರೆಗೆ ಚರ್ಮ ಗೀರುವ ಕೆಲಸ ಬೇಡ ಅನ್ನುವುದು ವಾಡಿಕೆಯ ಸಲಹೆ. ಗಾಯ ಮಾಯುವುದು ತಡವಾಗಬಹುದು, ಕಲೆ ಉಳಿಯಬಹುದು. ನಿಮ್ಮ ಲೆಕ್ಕದಲ್ಲಿ ಅದು ಜೂನ್‌ಗೆ ಹೋಗುತ್ತದೆ.

ಪೇಟೆಬೀದಿ:
ಡಾಕ್ಟರ್ ಮೇಡಂ, ಕ್ಷಮಿಸಿ, ಸಾವಿರಾರು ಜನ ಮಾಡಿಸಿಕೊಳ್ಳುತ್ತಿದ್ದಾರೆ. ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ ಹೋಗ್ತಾರಾ? ಇಷ್ಟೆಲ್ಲ ಯೋಚಿಸಿದರೆ ಕಿವಿ ಚುಚ್ಚಿಸೋಕೂ ಆಗಲ್ಲ.

ನರ್ಸಕ್ಕ:
ಪೇಟೆಬೀದಿ ಅವರೇ, ಕಿವಿ ಚುಚ್ಚುವುದು ಒಂದೇ ರಂಧ್ರ. ಇಲ್ಲಿ ಹುಬ್ಬಿನ ತುಂಬಾ ನೂರಾರು ಗೀರು, ಜೊತೆಗೆ ಆ ಗೀರುಗಳೊಳಗೆ ಹೊರಗಿನ ಬಣ್ಣ. ಎರಡೂ ಒಂದೇ ಹೇಗಾಗುತ್ತದೆ?

ತುಂಗಾತೀರ, ನಾನು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವವಳು. ಸ್ಟುಡಿಯೋಗೆ ಹೋದಾಗ ಕಣ್ಣಿಟ್ಟು ನೋಡಬೇಕಾದ್ದನ್ನು ಹೇಳ್ತೀನಿ. ಬ್ಲೇಡ್ ಒಂದೇ ಸಲ ಬಳಸಿ ಎಸೆಯುವಂಥದ್ದಾಗಿರಬೇಕು. ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಅದರ ಮೇಲಿನ ಅವಧಿ ಮುಗಿಯುವ ತಾರೀಖನ್ನು ನೀವೇ ಓದಬೇಕು. ಬ್ಲೇಡ್ ಹಿಡಿಯುವ ಹಿಡಿಕೆ ಲೋಹದ್ದಾದರೆ ಅದು ಆಟೋಕ್ಲೇವ್ ಆಗಿರಬೇಕು. 121 ಡಿಗ್ರಿ ಹಬೆ, ಒತ್ತಡದಲ್ಲಿ, ಕನಿಷ್ಠ 15 ನಿಮಿಷ. ಸುತ್ತಿದ ಕವರಿನ ಮೇಲಿನ ಗುರುತುಪಟ್ಟಿ ಬಣ್ಣ ಬದಲಾಗಿದ್ದರೆ ಅದು ಹಬೆಯ ಬಿಸಿ ಕಂಡಿದೆ ಅಂತ ಅರ್ಥ. ನೀಲಿ ದೀಪದ ಯುವಿ ಪೆಟ್ಟಿಗೆ ತೋರಿಸಿ "ಸ್ಟೆರಿಲೈಸ್ ಆಗಿದೆ" ಅಂದರೆ ಎದ್ದು ಬನ್ನಿ. ಅದು ಆಟೋಕ್ಲೇವ್ ಮಾಡುವ ಕೆಲಸ ಮಾಡುವುದಿಲ್ಲ. ಡೆಟಾಲ್‌ನಲ್ಲಿ ಅದ್ದಿಟ್ಟರೂ ಸಾಲುವುದಿಲ್ಲ.

ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಇದರ ಲಸಿಕೆ ನಮ್ಮ ದೇಶದ ಎಲ್ಲ ಕಡೆ ಮಕ್ಕಳ ಪಟ್ಟಿಗೆ ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಈಗ ಮದುವೆ ವಯಸ್ಸಿನಲ್ಲಿರುವ ಬಹಳ ಜನಕ್ಕೆ ಅದು ಬಿದ್ದಿರುವುದಿಲ್ಲ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಹುಬ್ಬು ಮಾಡಿಸಿದರೂ ಸರಿ, ಬಿಟ್ಟರೂ ಸರಿ, ಲಸಿಕೆ ಮಾತ್ರ ಹಾಕಿಸಿ.

ಕರಾವಳಿಯವಳು:
ನರ್ಸಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಾಮೂಲಿ ಥ್ರೆಡಿಂಗ್‌ನಲ್ಲೇ ದಾರದ ತುದಿ ಬಾಯಲ್ಲಿ ಕಚ್ಚಿಕೊಂಡು ಮಾಡುವವರು ಈಗಲೂ ಇದ್ದಾರೆ. ಅಂಥ ಪಾರ್ಲರಿನಲ್ಲೇ "ಹೊಸದಾಗಿ ಮೈಕ್ರೋಬ್ಲೇಡಿಂಗ್ ಶುರುವಾಗಿದೆ" ಅಂತ ಬೋರ್ಡ್ ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ.

ಹಳೇಬೇರು:
ನಮ್ಮಜ್ಜಿಯ ಹಣೆ, ಕೆನ್ನೆ, ಮೊಣಕೈವರೆಗೂ ಹಚ್ಚೆ ಇತ್ತು. ಊರಿಗೆ ಬರುತ್ತಿದ್ದ ಕೊರವಂಜಿಯವರು ಹಾಕಿದ್ದು. ಅಜ್ಜಿ ತುಂಬು ಬದುಕು ಬದುಕಿ ಹೋದರು. ಹಚ್ಚೆಯ ಹಾಡುಗಳೇ ಇದ್ದವು, ನೋವು ಮರೆಯಲಿ ಅಂತ ಹಾಡುತ್ತಾ ಚುಚ್ಚುತ್ತಿದ್ದರಂತೆ. ಈಗಿನವರಿಗೆ ಆ ಹಾಡುಗಳು ಗೊತ್ತಿದ್ದರೆ ಯಾರಾದರೂ ಬರೆದು ಹಾಕಿ, ಕಳೆದುಹೋಗಬಾರದು.

ಬಯಲುಸೀಮೆ:
ಹಾಡಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ ಯಜಮಾನ್ರೇ, ನಾನೂ ಬರ್ತೀನಿ, ನಮ್ಮ ಕಡೆಯೂ ಒಂದೆರಡು ಇವೆ. ಆದರೆ ಅಜ್ಜಿಗೆ ಏನೂ ಆಗಲಿಲ್ಲ ಅಂತ ಎಲ್ಲರಿಗೂ ಆಗಲಿಲ್ಲ ಅಂತಲ್ಲ. ಯಾರಿಗೆ ಕಾಮಾಲೆ ಯಾಕೆ ಬಂತು ಅಂತ ಆಗ ಯಾರು ಲೆಕ್ಕ ಇಟ್ಟಿದ್ದರು? ಈಗಲೂ ಜಾತ್ರೆಯಲ್ಲಿ ಬ್ಯಾಟರಿ ಮಷೀನು ಇಟ್ಟುಕೊಂಡು, ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತಾರು ಹುಡುಗರಿಗೆ ಹೆಸರು ಬರೆಯುತ್ತಾರೆ. ನೋಡಿ ಸುಮ್ನಿರೋಕೆ ಆಗಲ್ಲ.

2025ರಲ್ಲಿ ನಮ್ಮ ರಾಜ್ಯದಲ್ಲಿ ಟ್ಯಾಟೂ ಶಾಯಿಯ ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 22 ಬಗೆಯ ಲೋಹಗಳು ಸಿಕ್ಕವು ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದರು. ಅದರಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಎಲ್ಲ ಇದ್ದವು. ನಿಯಮ ಮಾಡಿ ಅಂತ ಕೇಂದ್ರಕ್ಕೆ ಬರೆಯುತ್ತೇವೆ ಅಂದಿದ್ದರು. ಯುರೋಪಿನಲ್ಲಿ 2022ರ ಜನವರಿಯಿಂದಲೇ ಟ್ಯಾಟೂ ಮತ್ತು ಪರ್ಮನೆಂಟ್ ಮೇಕಪ್ (ಹುಬ್ಬು, ತುಟಿಗೆ ಹೀಗೆ ಬಣ್ಣ ತುಂಬುವುದು) ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದ್ದಾರೆ. ನಮ್ಮಲ್ಲಿ ಬಾಟಲಿ ಮೇಲೆ ಏನು ಬರೆದಿದೆಯೋ ಅದನ್ನೇ ನಂಬಬೇಕು.

ಬ್ರೋ_ಆರ್ಟಿಸ್ಟ್_ಮೈಸೂರು:
ಈ ಕೆಲಸ ಮಾಡುವವಳಾಗಿ ಬರೆಯುತ್ತಿದ್ದೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾನು ಮೊದಲು ಫಾರ್ಮ್ ತುಂಬಿಸುತ್ತೇನೆ. ಬಸುರಿಯರಿಗೆ, ಹಾಲುಣಿಸುವವರಿಗೆ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರ ಒಪ್ಪಿಗೆ ಬರೆಸಿಕೊಂಡು ಬನ್ನಿ ಅಂತೀನಿ. ಅಲರ್ಜಿ ಆಗುತ್ತದಾ ಅಂತ ನೋಡಲು ಕಿವಿ ಹಿಂದೆ ಬಣ್ಣದ ಚುಕ್ಕೆ ಇಟ್ಟು (ಪ್ಯಾಚ್ ಟೆಸ್ಟ್) 48 ಗಂಟೆ ಕಾಯಿಸುತ್ತೇನೆ.

ಆದರೆ ಬರುವವರು ಮುಚ್ಚಿಡುತ್ತಾರೆ. ಇದು ನನಗೆ ತುಂಬಾ ನೋವಿನ ವಿಷಯ. ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದೀರಾ ಅಂದರೆ ಇಲ್ಲ ಅಂತಾರೆ. ಗೀರಿದ ಮೇಲೆ ರಕ್ತ ನಿಲ್ಲುವುದೇ ಇಲ್ಲ, ಬಣ್ಣವೂ ಹಿಡಿಯುವುದಿಲ್ಲ. ಹಾಗಂತ ಯಾರೂ ಹುಬ್ಬಿಗೋಸ್ಕರ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎಲ್ಲ ತಾವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಇರುವವರು ಮಾತ್ರೆ ನಿಲ್ಲಿಸಿ ಬಂದರೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಅಂಥವರಿಗೆ ನಾನು ಬೇಡವೇ ಬೇಡ ಅಂತೀನಿ.

ಕಾಫಿತೋಟ:
ಮೇಡಂ, ನಿಮ್ಮಂಥವರಿಗೆ ನಮಸ್ಕಾರ. ಆದರೆ ಎರಡು ದಿನದ ಕೋರ್ಸ್ ಮಾಡಿ, ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿ ಶುರು ಮಾಡುವವರ ಕಥೆ ಏನು? ಪಾಲಿಕೆಯ ಟ್ರೇಡ್ ಲೈಸೆನ್ಸ್ ಅಂಗಡಿಗೆ ಕೊಡೋದು, ಅವರ ಕೈಚಳಕಕ್ಕಲ್ಲ.

ಬ್ರೋ_ಆರ್ಟಿಸ್ಟ್_ಮೈಸೂರು:
ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಮಾಡಿದ ದಿನದ ಫೋಟೋ ನೋಡಿ ಮರುಳಾಗಬೇಡಿ. ಒಂದು ವರ್ಷ ಆದ ಮೇಲಿನ ಫೋಟೋ ಕೇಳಿ. ಆಳ ಜಾಸ್ತಿಯಾದರೆ ಬಣ್ಣ ಹರಡಿ ಬೂದಿಯಾಗುತ್ತದೆ. ಎಣ್ಣೆ ಚರ್ಮದಲ್ಲಂತೂ ಬ್ಲೇಡಿನ ಗೆರೆಗಳು ಬೇಗ ಕಲೆಸಿಹೋಗುತ್ತವೆ. ಅಂಥವರಿಗೆ ಮಷೀನಿನ ಪೌಡರ್ ಬ್ರೋ (ಗೆರೆಯ ಬದಲು ಸಣ್ಣ ಚುಕ್ಕೆಗಳಲ್ಲಿ ಬಣ್ಣ ತುಂಬುವುದು) ವಾಸಿ.

ಮರುಮಾತು:
ಯಾರೂ ಮರಗಟ್ಟಿಸುವ ಕ್ರೀಮಿನ ಬಗ್ಗೆ ಮಾತೇ ಆಡಲಿಲ್ಲವಲ್ಲ! ನಾನು ಫಾರ್ಮಸಿಸ್ಟ್. ನನಗೆ ಸೂಜಿಗಿಂತ ಅದರ ಚಿಂತೆಯೇ ಜಾಸ್ತಿ. ಅದರಲ್ಲಿರುವುದು ಲಿಡೋಕೇನ್, ಪ್ರಿಲೋಕೇನ್, ಕೆಲವದರಲ್ಲಿ ಟೆಟ್ರಾಕೇನ್. ಆನ್‌ಲೈನಿನಲ್ಲಿ ಬರುವ ಟ್ಯೂಬುಗಳಲ್ಲಿ ಎಷ್ಟು ಶೇಕಡಾ ಇದೆ ಅಂತ ನಂಬುವ ಹಾಗೇ ಇಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವುಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ಚೀಟಿ ಇಲ್ಲದೆ ಕೊಳ್ಳುವ ಕ್ರೀಮಿನಲ್ಲಿ ಲಿಡೋಕೇನ್ ಶೇ. 4ಕ್ಕಿಂತ ಜಾಸ್ತಿ ಇದ್ದರೆ ಬಳಸಬೇಡಿ, ಎದೆಬಡಿತ ಏರುಪೇರಾಗಬಹುದು, ಫಿಟ್ಸ್ ಬರಬಹುದು, ಉಸಿರಾಟಕ್ಕೆ ತೊಂದರೆ ಆಗಬಹುದು ಅಂತ. ಕೂದಲು ತೆಗೆಸುವ ಲೇಸರಿಗೆ ಮುಂಚೆ ಕಾಲಿಗೆಲ್ಲ ಇಂಥ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಯುವತಿಯರು ಅಲ್ಲಿ ತೀರಿಕೊಂಡಿದ್ದರು. ಅದನ್ನು 2007ರಲ್ಲೇ ಅದೇ ಸಂಸ್ಥೆ ಹೇಳಿತ್ತು.

ಹುಬ್ಬು ಚಿಕ್ಕ ಜಾಗ, ನಿಜ. ಆದರೆ ಮಧ್ಯೆ ನೋವು ಅಂದರೆ ಗೀರಿದ ಚರ್ಮದ ಮೇಲೇ ಮತ್ತೆ ಬಳಿಯುತ್ತಾರೆ. ಆಗ ಔಷಧಿ ರಕ್ತಕ್ಕೆ ಬೇಗ ಹೋಗುತ್ತದೆ. ಆ ಎರಡನೇ ಸಲದ ಜೆಲ್‌ನಲ್ಲಿ ರಕ್ತ ನಿಲ್ಲಲಿ ಅಂತ ಅಡ್ರಿನಲಿನ್ ಕೂಡ ಇರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಇದನ್ನು ಕೇಳಿ ತಿಳಿಯಲೇಬೇಕು. ಹಲ್ಲು ಕೀಳಿಸುವಾಗ ಇಂಜೆಕ್ಷನ್‌ಗೆ ಅಲರ್ಜಿ ಆಗಿತ್ತಾ? ಹೇಳಿ. ತುಟಿ, ಉಗುರು ನೀಲಿಯಾಗಿ ಉಸಿರು ಸಿಕ್ಕಿಕೊಂಡರೆ ಕ್ರೀಮ್ ಒರೆಸಿ ಹಾಕಿ ನೇರ ಆಸ್ಪತ್ರೆಗೆ. ಟ್ಯೂಬಿನ ಫೋಟೋ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ಅದು ಬೇಕಾಗುತ್ತದೆ.

ಬೆಣ್ಣೆದೋಸೆ:
ಅಯ್ಯೋ, ನನಗೆ ಅದರ ಹೆಸರೇ ಹೇಳಿರಲಿಲ್ಲ. ಬಿಳಿ ಡಬ್ಬಿಯಿಂದ ತೆಗೆದು ಹಚ್ಚಿದರು ಅಷ್ಟೇ.

ಮರುಮಾತು:
ಹೆಸರಿಲ್ಲದ ಡಬ್ಬಿ ಅಂದರೆ ಮುಟ್ಟಿಸಿಕೊಳ್ಳಲೇಬೇಡಿ.

ಚರ್ಮವೈದ್ಯೆ_ದಾವಣಗೆರೆ:
ಲಿಪ್ ಬ್ಲಶ್ ಬಗ್ಗೆ ಉತ್ತರ ಬಾಕಿ ಇತ್ತು. ತುಟಿಯ ಮೇಲೆ ಪದೇ ಪದೇ ಏಳುವ ನೀರುಗುಳ್ಳೆ ಬಹುಪಾಲು ಹರ್ಪಿಸ್. ಅದರ ವೈರಸ್ ನರದಲ್ಲಿ ಮಲಗಿರುತ್ತದೆ, ಸೂಜಿ ತಗುಲಿದರೆ ಎದ್ದುಬಿಡುತ್ತದೆ. ಇಡೀ ತುಟಿಗೆ ಹರಡಿ, ಊಟ ಮಾಡಲೂ ಆಗದ ಹಾಗೆ ಆದವರನ್ನು ನೋಡಿದ್ದೇನೆ. ಮಾಡಿಸಲೇಬೇಕು ಅಂದರೆ ಮುಂಚಿತವಾಗಿ ವೈರಸ್ ತಡೆಯುವ ಅಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್ ಮಾತ್ರೆ ಶುರು ಮಾಡಬೇಕಾಗುತ್ತದೆ. ಅದನ್ನು ವೈದ್ಯರು ಬರೆದುಕೊಡಬೇಕು, ಪಾರ್ಲರಿನವರಲ್ಲ.

ನಮ್ಮ ಕಂದು ಚರ್ಮದ ಇನ್ನೆರಡು ಮಾತು. ಕಿವಿ ಚುಚ್ಚಿಸಿದ ಕಡೆ ಗಂಟು ಬೆಳೆದಿದ್ದರೆ, ಅಂದರೆ ಕೀಲಾಯ್ಡ್ ಇದ್ದರೆ, ಮುಖಕ್ಕೆ ಬ್ಲೇಡ್ ಬೇಡ. ತೊನ್ನು, ಸೋರಿಯಾಸಿಸ್, ಲೈಕೆನ್ ಪ್ಲೇನಸ್‌ನಂಥ ಚರ್ಮರೋಗ ಇರುವವರಿಗೆ ಗೀರಿದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ತೊನ್ನು ಬಹಳ ಕಾಲದಿಂದ ಹರಡದೆ ನಿಂತಿದ್ದರೆ ನಾವೇ ಬಣ್ಣ ತುಂಬುವುದುಂಟು, ಆದರೆ ಅದು ನಿಂತಿದೆಯಾ ಇಲ್ಲವಾ ಅಂತ ನೋಡಿ ಹೇಳಬೇಕಾದವರು ನಾವು.

ಪ್ಯಾಚ್ ಟೆಸ್ಟ್ ಒಳ್ಳೆಯದೇ. ಆದರೆ ಅದನ್ನೇ ನಂಬಿ ಕೂರಬೇಡಿ. ಬಣ್ಣದ ಅಲರ್ಜಿ ತಿಂಗಳುಗಳು, ಕೆಲವರಿಗೆ ವರ್ಷಗಳು ಕಳೆದ ಮೇಲೂ ಗಂಟು ಗಂಟಾಗಿ ಏಳುತ್ತದೆ.

ಮಂಡ್ಯಮಲ್ಲಿಗೆ:
ಮದುವೆ ಲೆಕ್ಕ ಯಾರೂ ಹಾಕಲಿಲ್ಲ ಕಣ್ರಮ್ಮ. ಹುಬ್ಬು ಮಾಡಿಸಿದ ಮೇಲೆ ಹಕ್ಕಳೆ ಉದುರಿ ನಿಜ ಬಣ್ಣ ಕಾಣೋಕೆ ನಾಲ್ಕರಿಂದ ಆರು ವಾರ. ಆಮೇಲೆ ಟಚಪ್, ಅಂದರೆ ಬಣ್ಣ ತಿದ್ದುವ ಎರಡನೇ ಸುತ್ತು, ಅದಕ್ಕೆ ಮತ್ತೆ ಅಷ್ಟೇ ಕಾಯಬೇಕು. ಒಟ್ಟು ಮೂರು ತಿಂಗಳು ಕೈಯಲ್ಲಿ ಇರಬೇಕು. ಮಧ್ಯೆ ಅರಿಶಿನ ಶಾಸ್ತ್ರ! ಮುಖಕ್ಕೆಲ್ಲ ಅರಿಶಿನ ಎಣ್ಣೆ ಮೆತ್ತುತ್ತಾರೆ, ಬೇಡ ಅಂದರೆ ಕೇಳೋರು ಯಾರು? ಹಸಿ ಗಾಯಕ್ಕೆ ಹತ್ತಾರು ಕೈ ಮುಟ್ಟಿದ ಅರಿಶಿನ ತಾಕಬಾರದು. ಏಪ್ರಿಲ್ ಬಿಸಿಲು, ಬೆವರು ಬೇರೆ.

ಕರಾವಳಿಯವಳು:
ನಮ್ಮ ಮಂಗಳೂರಿನ ಸೆಕೆಯಲ್ಲಂತೂ ಒಂದು ವಾರ ಹುಬ್ಬು ಒಣಗಿಸಿಟ್ಟುಕೊಳ್ಳುವುದೇ ಕಷ್ಟ. ಅಂದಹಾಗೆ ಮೆಹೆಂದಿಯಲ್ಲೂ ಎಚ್ಚರ. ಕಡುಕಪ್ಪು ಬರುವ ಕೋನ್‌ನಲ್ಲಿ ಕೂದಲ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಸೇರಿಸಿರುತ್ತಾರೆ. ಕೈ ಬೊಬ್ಬೆ ಎದ್ದ ಮದುಮಗಳನ್ನು ನೋಡಿದ್ದೇನೆ.

ದೂರದೂರು:
ಸೂಜಿಯಿಂದ ನಿಜವಾಗಲೂ ದೊಡ್ಡ ಕಾಯಿಲೆ ಬಂದ ಉದಾಹರಣೆ ಇದೆಯಾ, ಸುಮ್ನೆ ಹೆದರಿಕೆಯಾ?

ನರ್ಸಕ್ಕ:
ಇದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಸೂಜಿ ಚಿಕಿತ್ಸೆ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಎಚ್‌ಐವಿ ತಗುಲಿದ್ದು ಅಲ್ಲಿಂದಲೇ ಅಂತ ಆ ದೇಶದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಅದು ಮೈಕ್ರೋಬ್ಲೇಡಿಂಗ್ ಅಲ್ಲ, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಅವರವರದೇ ರಕ್ತದ ಅಂಶ ಹಚ್ಚುವುದು. ಆದರೆ ದಾರಿ ಒಂದೇ, ಸೂಜಿ ಮತ್ತು ರಕ್ತ.

ಹುಬ್ಬಿನದೇ ಬೇಕೆಂದರೆ ಸ್ವಿಟ್ಜರ್ಲೆಂಡಿನದು ಕೇಳಿ. 2009ರಲ್ಲಿ ಹುಬ್ಬಿಗೆ ಪರ್ಮನೆಂಟ್ ಮೇಕಪ್ ಮಾಡಿಸಿಕೊಂಡ 12 ಜನರಿಗೆ ಕ್ಷಯದ ರೋಗಾಣುವಿನ ಸಂಬಂಧಿಯೊಂದು ತಗುಲಿತು. ಹುಬ್ಬಿನ ಮೇಲೆ ಕೆಂಪು ಗುಳ್ಳೆ, ಕುತ್ತಿಗೆ ಕಡೆ ಗಡ್ಡೆ. ಬಳಸಿದ ಶಾಯಿಯಲ್ಲೇ ಅದು ಸಿಕ್ಕಿತು. ಇಂಥ ರೋಗಾಣುಗಳು ನೀರಿನಲ್ಲಿ ಬದುಕುತ್ತವೆ. ಹಾಗಾಗಿ ಶಾಯಿಗೆ ನಲ್ಲಿ ನೀರು, ಬಿಸ್ಲೇರಿ ನೀರು ಏನನ್ನೂ ಬೆರೆಸಬಾರದು. ಒಬ್ಬರಿಗೆ ಸುರಿದ ಶಾಯಿಯನ್ನು ವಾಪಸ್ ಬಾಟಲಿಗೆ ಹಾಕಬಾರದು.

ಪೇಟೆಬೀದಿ:
ಸರಿ, ಶಾಯಿ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಇಷ್ಟ ಇದ್ದವರು ಸರಿಯಾದ ಕಡೆ ಮಾಡಿಸಲಿ ಅನ್ನೋದೇ ನನ್ನ ಮಾತು. ಇಷ್ಟವಾಗದಿದ್ದರೆ ಲೇಸರಲ್ಲಿ ತೆಗೆಸಿದರಾಯಿತು ಅಲ್ವಾ?

ಚರ್ಮವೈದ್ಯೆ_ದಾವಣಗೆರೆ:
ಅಷ್ಟು ಸುಲಭವಿಲ್ಲ. ಈ ಬಣ್ಣಗಳಲ್ಲಿ ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತವೆ. ಲೇಸರ್ ಬಿದ್ದ ಕೂಡಲೇ ಅವು ಕಪ್ಪಾಗಿಬಿಡಬಹುದು. ಕಂದು ಹುಬ್ಬು ಹೋಗಿ ಕರಿ ಹುಬ್ಬು, ಗುಲಾಬಿ ತುಟಿ ಹೋಗಿ ಕಪ್ಪು ತುಟಿ. ಮೊದಲು ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡಿಯೇ ಮುಂದುವರಿಯಬೇಕು.

ಸಂಪಿಗೆ:
ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಕೀಮೋ ಶುರುವಾಗುವ ಮುಂಚೆ ಹುಬ್ಬು ಮಾಡಿಸಬೇಕು ಅಂತ ಆಸೆಪಟ್ಟಿದ್ದಳು. ಆಂಕಾಲಜಿ ಡಾಕ್ಟರು ಗದರಿಸಲಿಲ್ಲ, ಕೂರಿಸಿ ವಿವರಿಸಿದರು. ಕೀಮೋಗೆ ಮುಂಚೆ ಗಾಯ ಪೂರ್ತಿ ಮಾಯುವಷ್ಟು ಸಮಯ ಇದ್ದರೆ ಸರಿ, ಮಧ್ಯೆ ಮಾತ್ರ ಬೇಡ, ಬಿಳಿ ರಕ್ತಕಣ ಇಳಿದಿರುವಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ ಅಂದರು. ಅವಳಿಗೆ ಸಮಯ ಇರಲಿಲ್ಲ. ಚಿಕಿತ್ಸೆ ಮುಗಿದ ಮೇಲೆ, ರಕ್ತದ ವರದಿ ಸರಿಯಾದ ಮೇಲೆ ಮಾಡಿಸಿದಳು. ಕನ್ನಡಿ ನೋಡಿಕೊಂಡು ಎಷ್ಟು ಖುಷಿಪಟ್ಟಳು ಅಂದರೆ! ಇದನ್ನು ಬರೀ ಶೋಕಿ ಅನ್ನುವವರು ದಯವಿಟ್ಟು ಇದನ್ನೂ ನೆನಪಿಡಿ.

ಬಯಲುಸೀಮೆ:
ಅಕ್ಕ ಚೆನ್ನಾಗಿರಲಿ ತಾಯಿ.

ಸಂಜೆಮಲ್ಲಿಗೆ:
ಎಂಆರ್‌ಐ ಮಾಡಿಸಿದರೆ ಹುಬ್ಬು ಸುಟ್ಟುಹೋಗುತ್ತೆ ಅಂತಾರಲ್ಲ?

ಸ್ಕ್ಯಾನಿಂಗ್‌ರೂಮ್:
ಸುಟ್ಟುಹೋಗುವುದಿಲ್ಲ. ಬಣ್ಣದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಪರೂಪಕ್ಕೆ ಬಿಸಿ, ಊತ ಆಗುವುದುಂಟು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟ್ಯಾಟೂ ಇದ್ದ 330 ಜನರನ್ನು ಎಂಆರ್‌ಐಗೆ ಮಲಗಿಸಿ ನೋಡಿದರು. ಒಬ್ಬರಿಗೆ ಮಾತ್ರ ಸ್ವಲ್ಪ ತೊಂದರೆ ಆಯಿತು. ಇದಕ್ಕೆ ಹೆದರಿ ಯಾರೂ ಸ್ಕ್ಯಾನ್ ಬಿಡಬೇಡಿ. ಮಲಗುವ ಮುಂಚೆ ನಮಗೆ ಹೇಳಿ, ಬಿಸಿ ಅನ್ನಿಸಿದರೆ ಕೈಯಲ್ಲಿರುವ ಗುಂಡಿ ಒತ್ತಿ. ಕಣ್ಣಿನ ಹತ್ತಿರ ಮಾಡಿಸಿದ್ದರೆ ಚಿತ್ರ ಅಲ್ಲಿ ಸ್ವಲ್ಪ ಕೆಡಬಹುದು, ಹಾಗಾಗಿ ತಿಳಿದಿದ್ದರೆ ನಮಗೆ ಅನುಕೂಲ.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಎಸ್‌ಎಚ್ ಮಾಡಿಸಿದೆ, ಜಾಸ್ತಿ ಬಂದಿದೆ. ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ. ಮದುವೆಗೆ ಪೆನ್ಸಿಲ್ಲೇ ಸಾಕು ಅಂತ ತೀರ್ಮಾನ ಮಾಡಿದೆ. ಜೂನ್ ಕಳೆಯಲಿ, ಕೂದಲು ಬರುತ್ತಾ ನೋಡೋಣ. ಲಿಪ್ ಬ್ಲಶ್ ಬೇಡವೇ ಬೇಡ. ನನ್ನ ತಂಗಿ ಮಾತ್ರ ಕಣ್ಣಿಗೆ ಪರ್ಮನೆಂಟ್ ಐಲೈನರ್ ಮಾಡಿಸಬೇಕು ಅಂತ ಹಟ ಹಿಡಿದಿದ್ದಾಳೆ. ಲೆನ್ಸ್ ಹಾಕುತ್ತಾಳೆ.

ಚರ್ಮವೈದ್ಯೆ_ದಾವಣಗೆರೆ:
ಪರೀಕ್ಷೆ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ತಂಗಿಯನ್ನು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ರೆಪ್ಪೆಯ ಅಂಚಿನಲ್ಲಿ ಕಣ್ಣೀರು ಬೇಗ ಆರದಂತೆ ಎಣ್ಣೆ ಬಿಡುವ ಸಣ್ಣ ಗ್ರಂಥಿಗಳಿವೆ. ಅಲ್ಲಿ ಚುಚ್ಚಿದರೆ ಅವು ಹಾಳಾಗಿ ಕಣ್ಣು ಒಣಗಬಹುದು. ಲೆನ್ಸ್ ಹಾಕುವವರಿಗೆ ಮೊದಲೇ ಒಣಗಣ್ಣಿನ ತೊಂದರೆ ಜಾಸ್ತಿ. ಮರಗಟ್ಟಿಸುವ ಕ್ರೀಮ್ ಕಣ್ಣೊಳಗೆ ಹೋದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗಾಯವಾಗಬಹುದು. ನನ್ನ ಮಗಳಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ.

ಹಳೇಬೇರು:
ಮನೆಯಲ್ಲಿ ಹರಳೆಣ್ಣೆ ದೀಪದ ಕಾಡಿಗೆ ಮಾಡಿ ಹಚ್ಚಲಿ ಬಿಡಿ.

ಚರ್ಮವೈದ್ಯೆ_ದಾವಣಗೆರೆ:
ಹಳೇಬೇರು ಅವರೇ, ಅದನ್ನೂ ಕಣ್ಣೊಳಗೆ ಹಚ್ಚುವುದು ಬೇಡ. ರೆಪ್ಪೆಯ ಹೊರಗೆ ಪೆನ್ಸಿಲ್ ಎಳೆದು ರಾತ್ರಿ ತೊಳೆದುಕೊಂಡರೆ ಸಾಕು.

ದೂರದೂರು:
ಕೊನೆಗೊಂದು. ನಾನು ನಿಯಮಿತವಾಗಿ ರಕ್ತ ಕೊಡುವವನು. ಹೆಂಡತಿ ಹುಬ್ಬು ಮಾಡಿಸಿದ್ದಾಳೆ, ಅವಳೂ ಶಿಬಿರಕ್ಕೆ ಬರುತ್ತೇನೆ ಅಂತಾಳೆ. ಕೊಡಬಹುದಾ?

ನರ್ಸಕ್ಕ:
ನಮ್ಮ ದೇಶದ ನಿಯಮದ ಪ್ರಕಾರ ಟ್ಯಾಟೂ ಆದ ಮೇಲೆ 12 ತಿಂಗಳು ರಕ್ತ ಕೊಡುವ ಹಾಗಿಲ್ಲ. ಹುಬ್ಬಿನದೂ ಅದೇ ಲೆಕ್ಕಕ್ಕೆ ಬರುತ್ತದೆ. ಟಚಪ್ ಮಾಡಿಸಿದ್ದರೆ ಆ ದಿನದಿಂದ ಎಣಿಸಿ. ಶಿಬಿರದ ಫಾರ್ಮಿನಲ್ಲಿ ಟ್ಯಾಟೂ ಪ್ರಶ್ನೆ ಇರುತ್ತದೆ, ಅಲ್ಲಿ ಹೌದು ಅಂತಲೇ ಬರೆಯಲಿ. ಈ ಸಲ ನೀವು ಕೊಡಿ, ಅವರು ಮುಂದಿನ ವರ್ಷ ಬರಲಿ.